ಕೆಲಸ ಮೈಮೇಲೆ ಬಿದ್ದಾಗ ತಲೆ ಕೆಡದಂತೆ ನೋಡಿಕೊಳ್ಳುವುದು ಹೇಗೆ

ನಾನು ಲೆಕ್ಕ ವಿಭಾಗದಲ್ಲಿ ಕೆಲಸ ಮಾಡುವವಳು. ತಿಂಗಳ ಕೊನೆಗೆ ಒಂದಿಷ್ಟು ಧಾವಂತ, ಮೂರು ತಿಂಗಳಿಗೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ, ವರ್ಷದ ಲೆಕ್ಕ ಮುಗಿಸುವ ಹೊತ್ತಿಗಂತೂ ಉಸಿರಾಡೋಕೂ ಪುರುಸೊತ್ತಿಲ್ಲ. ಈಗ ಒಂದು ಸಣ್ಣ ತಂಡವನ್ನೂ ನೋಡಿಕೊಳ್ಳುತ್ತೇನೆ. ಹಾಗಾಗಿ ನನ್ನ ಟೆನ್ಷನ್ ಜೊತೆಗೆ ಪಕ್ಕದಲ್ಲಿ ಕೂತವರ ಟೆನ್ಷನ್ ಕೂಡ ನನ್ನ ಜವಾಬ್ದಾರಿ. ನಿಮ್ಮದು ಬೇರೆ ಕೆಲಸ ಇರಬಹುದು. ಸಾಫ್ಟ್‌ವೇರ್ ಬಿಡುಗಡೆ ಇರಬಹುದು, ಪರೀಕ್ಷೆಯ ಪೇಪರ್ ತಿದ್ದುವ ಕಾಲ ಇರಬಹುದು, ಆರ್ಡರ್ ಮೇಲೆ ಆರ್ಡರ್ ಬರುವ ಸೀಸನ್ ಇರಬಹುದು. ಒಳಗಿನ ಕಷ್ಟ ಹೆಚ್ಚುಕಡಿಮೆ ಒಂದೇ ಥರ.

ಇಷ್ಟು ವರ್ಷ ನೋಡಿದ ಮೇಲೆ ಒಂದು ಮಾತು ನನಗೆ ಖಾತ್ರಿಯಾಗಿದೆ. ಕೆಲಸ ಜಾಸ್ತಿ ಇರುವುದಕ್ಕಿಂತ, ಯಾವುದೂ ನಮ್ಮ ಕೈಯಲ್ಲಿಲ್ಲ ಅನ್ನಿಸುವುದೇ ಮನುಷ್ಯನನ್ನು ಹೆಚ್ಚು ಹಿಂಡುತ್ತದೆ. ಅಷ್ಟೇ ಕೆಲಸ ಇಬ್ಬರ ಮೇಜಿನ ಮೇಲೂ ಇರುತ್ತದೆ. ಯಾವುದು ಮೊದಲು, ಯಾವುದಕ್ಕೆ ಯಾರು ಕಾಯುತ್ತಿದ್ದಾರೆ, ಇವತ್ತು ಎಲ್ಲಿಗೆ ನಿಲ್ಲಿಸಬೇಕು ಅಂತ ಗೊತ್ತಿರುವವರು ದಣಿಯುತ್ತಾರೆ, ಆದರೆ ರಾತ್ರಿ ನಿದ್ದೆ ಮಾಡುತ್ತಾರೆ. ಗೊತ್ತಿಲ್ಲದವರು ಹಾಸಿಗೆ ಮೇಲೂ ಲೆಕ್ಕ ಹಾಕುತ್ತಿರುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಸ್ವೀಡನ್ ಮತ್ತು ಅಮೆರಿಕದ ಕೆಲಸಗಾರರ ಸಮೀಕ್ಷೆಗಳನ್ನು ಇಟ್ಟುಕೊಂಡು ಇದೇ ಮಾತನ್ನು ತೋರಿಸಿದ್ದರು. ಕೆಲಸದ ಹೊರೆ ಜಾಸ್ತಿ ಇದ್ದು, ಅದನ್ನು ಹೇಗೆ ಮಾಡಬೇಕು ಅನ್ನುವ ತೀರ್ಮಾನ ಕೈಯಲ್ಲಿ ಇಲ್ಲದವರೇ ಎಲ್ಲರಿಗಿಂತ ಹೆಚ್ಚು ಬಳಲುತ್ತಿದ್ದರು. ಹೊರೆ ಇದ್ದರೂ ತೀರ್ಮಾನ ಕೈಯಲ್ಲಿದ್ದವರಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಹಾಗಾಗಿ ನಾನು ಇಲ್ಲಿ ಹೇಳುವುದೆಲ್ಲ ಒಂದೇ ದಿಕ್ಕಿನದು. ಹೊರೆ ಇಳಿಸುವುದು ಎಷ್ಟೋ ಸಲ ನಮ್ಮ ಕೈಯಲ್ಲಿರುವುದಿಲ್ಲ. ಹಿಡಿತ ಹೆಚ್ಚಿಸಿಕೊಳ್ಳುವುದು ಸ್ವಲ್ಪ ಮಟ್ಟಿಗಾದರೂ ಇರುತ್ತದೆ.

ಇನ್ನೊಂದು ಮಾತು. ಒತ್ತಡ ಪೂರ್ತಿ ಇಲ್ಲದಂತೆ ಮಾಡಲು ಹೋಗಬೇಡಿ. ಗಡುವು ಹತ್ತಿರ ಬಂದಾಗ ಎದೆಬಡಿತ ಜೋರಾಗುವುದು, ನಿದ್ದೆಗಣ್ಣು ಬಿಟ್ಟುಹೋಗುವುದು, ಗಮನ ಚುರುಕಾಗುವುದು, ಇದೆಲ್ಲ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಮಾಡುವ ಕೆಲಸ. ದೇಹ ನಮಗೆ ಸಹಾಯ ಮಾಡುತ್ತಿದೆ ಅಂತಲೇ ಅರ್ಥ. ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು ಸಂಶೋಧಕರು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ, ಸುಲಭದ ಪಾಠ ಕಲಿಯುವಾಗ ಜೋರು ಶಾಕ್ ಕೊಟ್ಟರೂ ಅವು ಚೆನ್ನಾಗಿಯೇ ಕಲಿತವು. ಕಷ್ಟದ ಪಾಠಕ್ಕೆ ಮಾತ್ರ ಹದವಾದ ಶಾಕ್ ಬೇಕಾಯಿತು, ಜಾಸ್ತಿಯಾದರೆ ಕಲಿಕೆ ಕೆಟ್ಟಿತು. ನಾವು ಇಲಿಗಳಲ್ಲ ನಿಜ. ಆದರೂ ನನ್ನ ಮೇಜಿನ ಮೇಲೆ ಇದು ದಿನಾ ಕಾಣುತ್ತದೆ. ವೋಚರ್ ಜೋಡಿಸುವಂಥ ಕೆಲಸ ಧಾವಂತದಲ್ಲೂ ನಡೆಯುತ್ತದೆ. ಯೋಚನೆ ಮಾಡಿ ಮಾಡಬೇಕಾದದ್ದು ಗಾಬರಿಯಲ್ಲಿ ಕೆಡುತ್ತದೆ. ಅದಕ್ಕೇ ತಲೆ ಬೇಕಾದ ಕೆಲಸವನ್ನು ಮನಸ್ಸು ಶಾಂತವಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ನನಗೆ ಅದು ಬೆಳಗಿನ ಮೊದಲ ಎರಡು ಗಂಟೆ. ನಿಮ್ಮದು ಯಾವುದು ಅಂತ ನೀವೇ ಗಮನಿಸಿ ನೋಡಿ.

ಶುರುವಾಗುವ ಮೊದಲೇ

ಎಷ್ಟೋ ಕೆಲಸಗಳಲ್ಲಿ ಧಾವಂತದ ಕಾಲ ಹೇಳಿ ಕೇಳಿಯೇ ಬರುತ್ತದೆ. ತಾರೀಖು ಮೊದಲೇ ಗೊತ್ತಿರುತ್ತದೆ. ಹಾಗಿದ್ದರೂ ಪ್ರತಿ ಸಲ ಹಠಾತ್ತನೆ ಬಂದಂತೆ ನಡೆದುಕೊಳ್ಳುತ್ತೇವೆ, ಅಲ್ವಾ? ಶುರುವಾಗುವ ಹಿಂದಿನ ವಾರ ಒಂದು ಅರ್ಧ ದಿನ ತೆಗೆದಿಟ್ಟರೆ ಆಮೇಲಿನ ಎಷ್ಟೋ ರಾತ್ರಿಗಳು ಉಳಿಯುತ್ತವೆ.

ಆ ಅರ್ಧ ದಿನದಲ್ಲಿ ಮೊದಲು ಹೋದ ಸಲದ ದಾಖಲೆ ತೆಗೆಯಿರಿ. ಯಾವ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ. ಹಳೆಯ ಮೇಲ್‌ಗಳ ತಾರೀಖು ನೋಡಿದರೂ ಸಾಕು, ಗೊತ್ತಾಗುತ್ತದೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಅನ್ನುವ ಮನೋವಿಜ್ಞಾನಿಗಳು 1979ರಲ್ಲೇ ಇದರ ಬಗ್ಗೆ ಬರೆದಿದ್ದರು. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುತ್ತಾರೆ, ಹಿಂದೆ ತಡವಾದದ್ದು ಗೊತ್ತಿದ್ದರೂ ಈ ಸಲ ಸಲೀಸಾಗಿ ಆಗುತ್ತದೆ ಅಂದುಕೊಳ್ಳುತ್ತಾರೆ. ಇದಕ್ಕೆ ಇರುವ ಒಳ್ಳೆಯ ಮದ್ದು ಅಂದಾಜು ಬಿಟ್ಟು ದಾಖಲೆ ನೋಡುವುದು. ಹೋದ ಸಲ ಸ್ಟಾಕ್ ಲೆಕ್ಕಕ್ಕೆ ನಾಲ್ಕು ದಿನ ಆಗಿದ್ದರೆ ಈ ಸಲವೂ ನಾಲ್ಕು ದಿನ ಅಂತಲೇ ಬರೆದುಕೊಳ್ಳಿ. ಎರಡು ಅಂತ ಬರೆದು ಮೂರನೆಯ ದಿನದಿಂದ ನಿಮ್ಮನ್ನೇ ಬೈದುಕೊಳ್ಳಬೇಡಿ.

ಆಮೇಲೆ, ಬೇರೆಯವರಿಂದ ನಿಮಗೆ ಬರಬೇಕಾದ್ದು ಏನೇನಿದೆ ಅಂತ ಪಟ್ಟಿ ಮಾಡಿ, ಅವರಿಗೆ ಈಗಲೇ ಹೇಳಿ. ನಮ್ಮಲ್ಲಿ ಮುಕ್ಕಾಲು ಪಾಲು ಟೆನ್ಷನ್ ಬರುವುದು ಬೇರೆ ವಿಭಾಗದ ಬಿಲ್ಲುಗಳು ಕೊನೆ ದಿನ ಸಂಜೆ ಬರುವುದರಿಂದ. ನಿಮಗೆ ಬೇಕಾದ ದಿನಕ್ಕಿಂತ ಎರಡು ದಿನ ಮೊದಲಿನ ತಾರೀಖು ಕೇಳಿ. ಸುಮ್ನೆ ಸುಳ್ಳು ಗಡುವು ಕೊಡಬೇಡಿ. "ಎರಡು ದಿನ ಮೊದಲು ಬಂದರೆ ಏನಾದರೂ ತಪ್ಪಿದ್ದರೆ ಸರಿ ಮಾಡಿಕೊಳ್ಳಲು ನಮ್ಮಿಬ್ಬರಿಗೂ ಸಮಯ ಸಿಗುತ್ತದೆ" ಅಂತ ಕಾರಣ ಹೇಳಿ. ಕಾರಣ ಗೊತ್ತಾದರೆ ಜನ ಕೊಡುತ್ತಾರೆ.

ಮನೆಯವರಿಗೂ ಹೇಳಬೇಕು. "ಮುಂದಿನ ಎರಡು ವಾರ ನಾನು ತಡವಾಗಿ ಬರುತ್ತೇನೆ, ಇಂಥ ದಿನಕ್ಕೆ ಮುಗಿಯುತ್ತದೆ." ಈ ಮಾತಿನಲ್ಲಿ ಮುಗಿಯುವ ದಿನ ಇರಲೇಬೇಕು. ದಿನ ಗೊತ್ತಿದ್ದರೆ ಅವರು ಸುಧಾರಿಸಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ದಿನಾ ಕೇಳುತ್ತಾರೆ, ನಾವು ದಿನಾ ರೇಗುತ್ತೇವೆ.

ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ಇದು ಎಲ್ಲರೂ ಹೇಳುವ ಮಾತೇ. ಆದರೆ ಹೇಗೆ ಬರೆಯುತ್ತೇವೆ ಅನ್ನುವುದರಲ್ಲಿ ವ್ಯತ್ಯಾಸವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಬಳಿ ಗೆರೆ ಹಾಕಿದ ಒಂದು ನೋಟ್‌ಬುಕ್ ಇದೆ. ಧಾವಂತದ ದಿನಗಳಲ್ಲಿ ಪ್ರತಿ ದಿನಕ್ಕೂ ಒಂದು ಹೊಸ ಪುಟ. ಅದರಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಕೆಲಸ. ಎರಡನೆಯದರಲ್ಲಿ ಅದಕ್ಕೆ ಯಾರು ಕಾಯುತ್ತಿದ್ದಾರೆ. ಮೂರನೆಯದರಲ್ಲಿ ಮುಂದೆ ಕೈಯಿಂದ ಮಾಡಬೇಕಾದ ಮೊದಲ ಕೆಲಸ. ಈ ಮೂರನೆಯ ಕಾಲಂ ಇಲ್ಲದ ಪಟ್ಟಿ ಟೆನ್ಷನ್ ಇಳಿಸುವುದಿಲ್ಲ, ಏರಿಸುತ್ತದೆ.

"ಆಡಿಟ್ ಫೈಲ್" ಅಂತ ಬರೆದರೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಎಲ್ಲಿಂದ ಶುರು ಮಾಡಬೇಕು ಅಂತ ಅದು ಹೇಳುವುದೇ ಇಲ್ಲ. "ಬ್ಯಾಂಕಿನಿಂದ ಬಾಕಿ ದೃಢೀಕರಣ ಪತ್ರ ಬಂದಿದೆಯಾ ಅಂತ ಮೇಲ್ ನೋಡು, ಬಂದಿಲ್ಲದಿದ್ದರೆ ಫೋನ್ ಮಾಡು" ಅಂತ ಬರೆದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನುವ ಮನೋವಿಜ್ಞಾನಿಗಳು 2011ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಮುಗಿಯದ ಕೆಲಸ ಬೇರೆ ಕೆಲಸದ ಮಧ್ಯೆ ಮತ್ತೆ ಮತ್ತೆ ನೆನಪಾಗಿ ಕಾಡುತ್ತದೆ. ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ಸ್ಪಷ್ಟವಾಗಿ ತೀರ್ಮಾನಿಸಿದವರಿಗೆ, ಕೆಲಸ ಇನ್ನೂ ಆಗಿರದಿದ್ದರೂ, ಆ ಕಾಟ ಕಡಿಮೆಯಾಯಿತು. ಅಂದರೆ ಮನಸ್ಸಿಗೆ ಬೇಕಾಗಿರುವುದು ಈಗಲೇ ಮುಗಿಸುವುದಲ್ಲ, ಮುಗಿಸುವ ದಾರಿ ಕಾಣುವುದು.

ಎರಡನೆಯ ಕಾಲಂ ಆಯ್ಕೆಗೆ ಸಹಾಯ ಮಾಡುತ್ತದೆ. ಯಾರದೋ ಕೈ ಕಟ್ಟಿಹಾಕಿರುವ ಕೆಲಸ ಮೊದಲು. ನಾನು ಹತ್ತು ನಿಮಿಷದಲ್ಲಿ ಒಂದು ಮಂಜೂರಾತಿ ಕೊಟ್ಟರೆ ಇನ್ನೊಬ್ಬರ ಇಡೀ ದಿನ ಹಗುರಾಗುತ್ತದೆ ಅಂದರೆ ಅದೇ ಮೇಲಿರಬೇಕು. ಯಾರೂ ಕಾಯದ ಕೆಲಸಕ್ಕೆ ಎದುರಿನ ಜಾಗ ಖಾಲಿ ಉಳಿಯುತ್ತದೆ. ಅಂಥವು ಒಂದೋ ಮುಂದಿನ ವಾರಕ್ಕೆ ಹೋಗುತ್ತವೆ, ಇಲ್ಲವೋ ಹೊಡೆದುಹಾಕಬಹುದು. ಪ್ರತಿ ಪುಟದಲ್ಲೂ ಹೊಡೆದುಹಾಕಲು ಒಂದೆರಡಾದರೂ ಸಿಗುತ್ತವೆ. ಯಾರೂ ಓದದ ವಾರದ ವರದಿ, ಯಾವಾಗಲೋ ಯಾರೋ ಕೇಳಿದ್ದರು ಅಂತ ಈಗಲೂ ಮಾಡುತ್ತಿರುವ ಶೀಟು, ಇಂಥವು. ಬಣ್ಣ ಬಣ್ಣದ ಆ್ಯಪ್‌ಗಳು ನನಗೆ ಒಗ್ಗಲಿಲ್ಲ. ನಿಮಗೆ ಒಗ್ಗಿದರೆ ಬಳಸಿ, ಮೂರನೆಯ ಕಾಲಂ ಮಾತ್ರ ಬಿಡಬೇಡಿ.

ಮೇಲಿನವರ ಹತ್ತಿರ ಮಾತಾಡುವುದು

ಈ ಇಡೀ ಬರಹದಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಕೆಲಸ ಕೈಮೀರುತ್ತಿದೆ ಅಂತ ನಮಗೆ ಗೊತ್ತಾಗುವುದು ಮಂಗಳವಾರ. ಅದನ್ನು ನಾವು ಹೇಳುವುದು ಶುಕ್ರವಾರ ಸಂಜೆ. ನಡುವಿನ ಆ ಮೂರು ದಿನ ಇದೆಯಲ್ಲ, ಅದೇ ನಿಜವಾದ ನರಕ. ಹೇಗಾದರೂ ಆಗಿಬಿಡಬಹುದು ಅನ್ನುವ ಆಸೆ, ಹೇಳಿದರೆ ಕೈಲಾಗದವರು ಅಂದುಕೊಳ್ಳುತ್ತಾರೆ ಅನ್ನುವ ಭಯ, ಎರಡೂ ಸೇರಿ ಮನುಷ್ಯನನ್ನು ಅರೆಯುತ್ತವೆ. ಮಂಗಳವಾರವೇ ಹೇಳಿದರೆ ಮೇಲಿನವರಿಗೆ ದಾರಿಗಳಿರುತ್ತವೆ. ಇನ್ನೊಬ್ಬರನ್ನು ಕೊಡಬಹುದು, ತಾರೀಖು ಮುಂದೆ ಹಾಕಬಹುದು, ಒಂದು ಭಾಗ ಬಿಟ್ಟುಬಿಡಿ ಅನ್ನಬಹುದು. ಶುಕ್ರವಾರ ಹೇಳಿದರೆ ಕೂಗಾಡುವುದು ಬಿಟ್ಟು ಅವರಿಗೂ ಬೇರೆ ದಾರಿ ಇರುವುದಿಲ್ಲ.

ಹೇಗೆ ಹೇಳಬೇಕು ಅಂತ ನನ್ನ ತಂಡದವರು ಕೇಳುತ್ತಿರುತ್ತಾರೆ. ನಾನು ಅವರಿಗೆ ಹೇಳಿಕೊಟ್ಟಿರುವುದು ಹೀಗೆ:

"ಸರ್, ಈಗ ನನ್ನ ಕೈಯಲ್ಲಿ ಬ್ಯಾಂಕ್ ತಾಳೆ, ಸ್ಟಾಕ್ ಲೆಕ್ಕ, ಆಡಿಟರ್ ಕೇಳಿದ ಪಟ್ಟಿ, ಹೀಗೆ ಮೂರು ಕೆಲಸ ಇವೆ. ಮೂರೂ ಶುಕ್ರವಾರಕ್ಕೆ ಬೇಕು ಅಂತಿದೆ. ಎರಡನ್ನು ಶುಕ್ರವಾರಕ್ಕೆ ಖಂಡಿತ ಕೊಡುತ್ತೇನೆ. ಮೂರನೆಯದು ಸೋಮವಾರ ಮಧ್ಯಾಹ್ನ ಆಗುತ್ತದೆ. ಸ್ಟಾಕ್ ಲೆಕ್ಕವನ್ನು ಸೋಮವಾರಕ್ಕೆ ಇಟ್ಟುಕೊಳ್ಳಬಹುದು ಅಂತ ನನಗನ್ನಿಸುತ್ತದೆ, ಮುಂದಿನ ವಾರದವರೆಗೆ ಅದಕ್ಕೆ ಯಾರೂ ಕಾಯುತ್ತಿಲ್ಲ. ನೀವು ಬೇರೆ ಹೇಳಿದರೆ ಹಾಗೇ ಮಾಡುತ್ತೇನೆ."

ಇದರಲ್ಲಿ "ಆಗಲ್ಲ" ಅನ್ನುವ ಮಾತಿಲ್ಲ. "ತುಂಬಾ ಕೆಲಸ ಇದೆ ಸರ್" ಅನ್ನುವ ಗೋಳೂ ಇಲ್ಲ. ಎಷ್ಟು ಆಗುತ್ತದೆ, ಯಾವಾಗ ಆಗುತ್ತದೆ ಅಂತ ಇದೆ. ನಿಮ್ಮ ಸಲಹೆ ಇದೆ, ಅದಕ್ಕೆ ಕಾರಣವಿದೆ. ಕೊನೆಯ ಮಾತು ಅವರಿಗೆ ಬಿಟ್ಟಿದ್ದೀರಿ. ಮೇಲಿನ ಕುರ್ಚಿಯಲ್ಲಿ ಕೂತು ಇಂಥ ಮೆಸೇಜ್ ಓದಿದವಳಾಗಿ ಹೇಳುತ್ತೇನೆ, ಇದನ್ನು ಬರೆದವರ ಮೇಲೆ ನಂಬಿಕೆ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಾಧ್ಯವಾದರೆ ಎದುರಿಗೆ ಮಾತಾಡಿ, ಆಮೇಲೆ ಅದನ್ನೇ ಎರಡು ಸಾಲಿನ ಮೇಲ್ ಮಾಡಿ. ತರಾತುರಿಯ ದಿನಗಳಲ್ಲಿ ಬಾಯಿಮಾತು ಮರೆತುಹೋಗುತ್ತದೆ.

ಮಧ್ಯದಲ್ಲಿ ಹೊಸ ಕೆಲಸ ಬಂದರೂ ಇದೇ ದಾರಿ. "ಮಾಡುತ್ತೇನೆ ಮೇಡಂ. ಇದನ್ನು ಈಗ ತೆಗೆದುಕೊಂಡರೆ ಬೆಳಿಗ್ಗೆ ಕೊಟ್ಟದ್ದು ನಾಳೆಗೆ ಹೋಗುತ್ತದೆ, ಪರವಾಗಿಲ್ಲವಾ?" ಅಂತ ಒಂದು ಪ್ರಶ್ನೆ ಕೇಳಿ. ಎಷ್ಟೋ ಸಲ ಕೇಳಿದವರಿಗೆ ನಿಮ್ಮ ಮೇಜಿನ ಮೇಲೆ ಏನಿದೆ ಅಂತ ಗೊತ್ತೇ ಇರುವುದಿಲ್ಲ. "ಓ, ಹಾಗಾದರೆ ಇದು ಮುಂದಿನ ವಾರ ಸಾಕು" ಅಂದುಬಿಡುತ್ತಾರೆ.

ಹೇಳಿದರೂ ಕೇಳದ ಮೇಲಧಿಕಾರಿಗಳಿದ್ದಾರೆ, ನನಗೆ ಗೊತ್ತು. ಆಗಲೂ ಬರೆದು ಕಳಿಸಿ. ಕನಿಷ್ಠ ಮುಚ್ಚಿಟ್ಟುಕೊಂಡ ಭಾರವಾದರೂ ಇಳಿಯುತ್ತದೆ, ತಡವಾದಾಗ ಮೊದಲೇ ಹೇಳಿದ್ದಕ್ಕೆ ದಾಖಲೆಯೂ ಇರುತ್ತದೆ.

ಮಧ್ಯೆ ಮಧ್ಯೆ ಕಡಿಯುವ ಗಮನ

ಫೋನು, ಮೆಸೇಜು, "ಒಂದು ನಿಮಿಷ" ಅಂತ ಬರುವವರು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದರು. ದಿನವಿಡೀ ಹೀಗಾದರೆ ಸಂಜೆ ಹೊತ್ತಿಗೆ ಏನೂ ಮಾಡಿಲ್ಲ, ಆದರೂ ಸುಸ್ತು.

ಅದಕ್ಕೆ ಅವರೇ ಮುಂದೆ ಕಂಡುಕೊಂಡ ಒಂದು ಉಪಾಯ ನಾನು ದಿನಾ ಬಳಸುತ್ತೇನೆ. ಯಾರಾದರೂ ಕರೆದರೆ ಎದ್ದು ಹೋಗುವ ಮೊದಲು ಎಲ್ಲಿಗೆ ನಿಲ್ಲಿಸಿದೆ, ಬಂದ ಮೇಲೆ ಏನು ಮಾಡಬೇಕು ಅಂತ ಒಂದು ಸಾಲು ಬರೆದಿಡುವುದು. "ಜೂನ್ ತಿಂಗಳ ಸ್ಟೇಟ್‌ಮೆಂಟ್, ಎರಡನೇ ಪುಟದವರೆಗೆ ಟಿಕ್ ಆಗಿದೆ, ಮೂರನೆಯದರಿಂದ ನೋಡು." ಎದುರಿಗಿರುವವರಿಗೆ "ಅರ್ಧ ನಿಮಿಷ ಕೊಡಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವಾಪಸ್ ಬಂದಾಗ ಎಲ್ಲಿದ್ದೆ ಅಂತ ಹುಡುಕುವ ಕಿರಿಕಿರಿ ಇರುವುದಿಲ್ಲ.

ತಂಡವಾಗಿ ಕೆಲಸ ಮಾಡುವವರು ದಿನದಲ್ಲಿ ಒಂದು ಹೊತ್ತನ್ನು ಯಾರೂ ಯಾರನ್ನೂ ಕರೆಯದ ಹೊತ್ತು ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಬೆಳಿಗ್ಗೆಯೇ ಆ ಹೊತ್ತು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಒಟ್ಟಿಗೆ ಕೇಳುತ್ತಾರೆ. ಅರ್ಧದಷ್ಟು ಪ್ರಶ್ನೆಗಳಿಗೆ ಅಷ್ಟರಲ್ಲಿ ಅವರೇ ಉತ್ತರ ಕಂಡುಕೊಂಡಿರುತ್ತಾರೆ. ಮೆಸೇಜ್ ಸದ್ದು ಆಫ್ ಮಾಡಿ. ನಿಜವಾಗಿ ತುರ್ತು ಇದ್ದವರು ಫೋನ್ ಮಾಡುತ್ತಾರೆ.

ದೇಹದ ಕಡೆ

ಇಲ್ಲಿ ನಾನು ಉದ್ದುದ್ದ ಹೇಳುವುದಿಲ್ಲ, ಯಾಕೆಂದರೆ ಧಾವಂತದ ದಿನಗಳಲ್ಲಿ ಯಾರೂ ಉದ್ದ ಪಟ್ಟಿ ಪಾಲಿಸುವುದಿಲ್ಲ. ಹೊಸದಾಗಿ ವ್ಯಾಯಾಮ ಶುರು ಮಾಡುವ ಕಾಲವೂ ಇದಲ್ಲ. ಇದ್ದ ಅಭ್ಯಾಸ ಬಿಟ್ಟುಹೋಗದಂತೆ ನೋಡಿಕೊಂಡರೆ ಸಾಕು. ದಿನಾ ಒಂದು ಗಂಟೆ ನಡೆಯುವವರು ಹದಿನೈದು ನಿಮಿಷ ನಡೆಯಿರಿ, ಆದರೆ ನಡೆಯಿರಿ.

ಎದೆ ಡವಡವ ಅಂದಾಗ, ಕೈಕಾಲು ಆಡದಂತಾದಾಗ ಕೂತಲ್ಲೇ ಮಾಡಬಹುದಾದ ಒಂದು ಉಸಿರಾಟ ಇದೆ. ಮೂಗಿನಿಂದ ಉಸಿರು ಎಳೆದುಕೊಳ್ಳಿ. ಬಿಡುವ ಮೊದಲು ಇನ್ನೊಂದು ಸಣ್ಣ ಉಸಿರು ಮೇಲಕ್ಕೆ ಎಳೆದು ಎದೆ ತುಂಬಿಸಿ. ಆಮೇಲೆ ಬಾಯಿಯಿಂದ ನಿಧಾನವಾಗಿ, ಎಳೆದದ್ದಕ್ಕಿಂತ ಜಾಸ್ತಿ ಹೊತ್ತು, ಪೂರ್ತಿ ಬಿಡಿ. ಹೀಗೇ ಮುಂದುವರಿಸಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಒಂದು ತಿಂಗಳು ದಿನಕ್ಕೆ 5 ನಿಮಿಷ ಇದನ್ನು ಮಾಡಿಸಿದ್ದರು. ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಇವರ ಮನಸ್ಥಿತಿ ಹೆಚ್ಚು ಸುಧಾರಿಸಿತ್ತು, ಉಸಿರಾಟದ ವೇಗವೂ ಇಳಿದಿತ್ತು. ಮೀಟಿಂಗಿಗೆ ಹೋಗುವ ಮೊದಲು, ಕಷ್ಟದ ಫೋನ್ ಎತ್ತುವ ಮೊದಲು ಎರಡು ಮೂರು ಸಲ ಮಾಡಿದರೂ ನನಗೆ ವ್ಯತ್ಯಾಸ ಗೊತ್ತಾಗುತ್ತದೆ.

ಕಾಫಿ, ಟೀ ಬಗ್ಗೆ ಒಂದೇ ಮಾತು. ಕುಡಿದ ಕೆಫೀನಿನ ಅರ್ಧದಷ್ಟು ಮೈಯಿಂದ ಹೋಗಲು ಸಾಮಾನ್ಯವಾಗಿ 5 ಗಂಟೆಯಷ್ಟು ಹಿಡಿಯುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ ಕಡಿಮೆ ಮಾಡಿ. ಊಟವನ್ನು ಮಾತ್ರ ಮೇಜು ಬಿಟ್ಟು ಎದ್ದು ಹೋಗಿ ಮಾಡಿ. ಹತ್ತೇ ನಿಮಿಷ ಆದರೂ ಸರಿ. ಸ್ಕ್ರೀನ್ ಎದುರು ತಿಂದರೆ ತಿಂದದ್ದೂ ಗೊತ್ತಾಗುವುದಿಲ್ಲ, ಬಿಡುವು ಸಿಕ್ಕಿದ್ದೂ ಗೊತ್ತಾಗುವುದಿಲ್ಲ.

ರಾತ್ರಿ ಎಲ್ಲಿಗೆ ನಿಲ್ಲಿಸಬೇಕು

ನಮ್ಮ ತಂಡದಲ್ಲಿ ಒಂದು ರಾತ್ರಿ ನಡೆದದ್ದು ಹೇಳುತ್ತೇನೆ. ಬ್ಯಾಂಕ್ ತಾಳೆ, ಅಂದರೆ ನಮ್ಮ ಪುಸ್ತಕದ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ಹೋಲಿಸಿ ನೋಡುತ್ತಿದ್ದ ಹುಡುಗಿಗೆ 270ರ ವ್ಯತ್ಯಾಸ ಬರುತ್ತಿತ್ತು. ಗಂಟೆಗಟ್ಟಲೆ ಹುಡುಕಿದ್ದಳು. ಕಣ್ಣು ಕೆಂಪಾಗಿತ್ತು. "ಮೇಡಂ, ಇದು ಸಿಗುವವರೆಗೂ ನಾನು ಹೋಗಲ್ಲ" ಅಂದಳು. ನಾನು ಶೀಟು ಮುಚ್ಚಿಸಿ ಮನೆಗೆ ಕಳಿಸಿದೆ. ಬೆಳಿಗ್ಗೆ ಬಂದವಳು ಕೂತ ಸ್ವಲ್ಪ ಹೊತ್ತಿಗೇ ಎದ್ದು ಬಂದಳು. 5,472 ಇರಬೇಕಾದ ಕಡೆ 5,742 ಅಂತ ಎಂಟ್ರಿ ಆಗಿತ್ತು. ಲೆಕ್ಕದವರಿಗೆಲ್ಲ ಗೊತ್ತಿರುವ ವಿಷಯ ಇದು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 270 ಅಂದರೆ ಒಂಬತ್ತು ಮೂವತ್ತಲೆ. ಅವಳಿಗೂ ಇದು ಚೆನ್ನಾಗಿ ಗೊತ್ತಿತ್ತು. ರಾತ್ರಿ ಮಾತ್ರ ಹೊಳೆದಿರಲಿಲ್ಲ. ದಣಿದ ತಲೆಗೆ ಗೊತ್ತಿರುವುದೂ ಕೈಗೆ ಸಿಗುವುದಿಲ್ಲ.

ಡಾಸನ್ ಮತ್ತು ರೀಡ್ ಅನ್ನುವ ಸಂಶೋಧಕರು 1997ರಲ್ಲಿ ನಿದ್ದೆಗೆಟ್ಟವರನ್ನೂ ಕುಡಿದವರನ್ನೂ ಹೋಲಿಸಿ ನೋಡಿದ್ದರು. 17 ಗಂಟೆ ಎಚ್ಚರವಾಗಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ಬೆಳಿಗ್ಗೆ ಆರಕ್ಕೆ ಎದ್ದವರಿಗೆ 17 ಗಂಟೆ ಆಗುವುದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಮಾಡಿದ ಎಂಟ್ರಿಯನ್ನು ಬೆಳಿಗ್ಗೆ ಮತ್ತೆ ತಿದ್ದುವುದಾದರೆ ಉಳಿದದ್ದೇನು?

ಹಾಗಾಗಿ ಧಾವಂತದ ಕಾಲಕ್ಕೂ ಒಂದು ನಿಲ್ಲಿಸುವ ಗಂಟೆ ಇರಲಿ. ಅದು ಮಾಮೂಲಿಗಿಂತ ತಡವಾಗಿರಬಹುದು, ಆದರೆ ಇರಬೇಕು. ಆ ಗಂಟೆಗೆ ಹದಿನೈದು ನಿಮಿಷ ಮೊದಲು ಹೊಸದೇನೂ ಶುರು ಮಾಡಬೇಡಿ. ಆಗಿದ್ದನ್ನು ಟಿಕ್ ಮಾಡಿ, ನಾಳೆಯ ಪುಟ ಬರೆಯಿರಿ. ಇನ್ನೂ ಒಂದು ಗಂಟೆ ಕೂರಲೇಬೇಕಾದರೆ ಫೈಲ್ ಹೆಸರು ಸರಿಮಾಡುವುದು, ಕಾಗದ ಜೋಡಿಸುವುದು, ಇಂಥ ತಲೆ ಬೇಡದ ಕೆಲಸ ಇಟ್ಟುಕೊಳ್ಳಿ. ಹುಡುಕುವುದು, ಲೆಕ್ಕ ಹಾಕುವುದು, ಯಾರಿಗಾದರೂ ಕಟುವಾಗಿ ಉತ್ತರ ಬರೆಯುವುದು, ಈ ಮೂರನ್ನೂ ಬೆಳಿಗ್ಗೆಗೆ ಬಿಡಿ.

ಮಲಗಿದ ಮೇಲೂ ತಲೆ ಓಡುತ್ತಿದ್ದರೆ ಎದ್ದು ದೀಪ ಹಾಕಿ, ನಾಳೆ ಮಾಡಬೇಕಾದ್ದನ್ನು ಐದು ನಿಮಿಷ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನು ಪರೀಕ್ಷಿಸಿದ್ದರು. ಮುಂದೆ ಮಾಡಬೇಕಾದ್ದನ್ನು ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಬಿಡಿಬಿಡಿಯಾಗಿ ಬರೆದಷ್ಟೂ ಬೇಗ ನಿದ್ದೆ ಬಂತು. ಫೋನಿನಲ್ಲಿ ಬರೆಯಬೇಡಿ, ಕಾಗದದಲ್ಲಿ ಬರೆಯಿರಿ. ಫೋನ್ ಕೈಗೆ ಬಂದರೆ ಮೇಲ್ ತೆರೆಯುತ್ತದೆ.

ಪಕ್ಕದವರು ಕುಸಿಯುತ್ತಿದ್ದರೆ

ಮಾಮೂಲಿಯಾಗಿ ಮಾತಾಡುವವರು ಇದ್ದಕ್ಕಿದ್ದಂತೆ ಸುಮ್ಮನಾಗುವುದು, ಸಣ್ಣ ವಿಷಯಕ್ಕೆ ಕಣ್ಣಲ್ಲಿ ನೀರು ಬರುವುದು, ಒಂದೇ ಫೈಲನ್ನು ಮತ್ತೆ ಮತ್ತೆ ತೆರೆಯುವುದು, ಇದೆಲ್ಲ ಪಕ್ಕದಲ್ಲಿ ಕೂತವರಿಗೆ ಮೊದಲು ಕಾಣುತ್ತದೆ. "ಟೆನ್ಷನ್ ಮಾಡ್ಕೋಬೇಡ" ಅಂತ ಹೇಳಬೇಡಿ. ಅದರಿಂದ ಯಾರ ಟೆನ್ಷನ್ನೂ ಇಳಿದಿಲ್ಲ. "ಇದರಲ್ಲಿ ಯಾವುದನ್ನು ನಾನು ತೆಗೆದುಕೊಳ್ಳಲಿ?" ಅಂತ ಕೇಳಿ. ಅಥವಾ ಪಕ್ಕದಲ್ಲಿ ಕೂತು ಪಟ್ಟಿ ಮಾಡಲು ಸಹಾಯ ಮಾಡಿ. ಕೆಲಸ ಹಂಚಿಕೊಳ್ಳಲು ಆಗದಿದ್ದರೂ, ಇನ್ನೊಬ್ಬರ ಕಣ್ಣು ಬಿದ್ದರೆ ರಾಶಿ ಎಷ್ಟಿದೆ ಅಂತ ಸರಿಯಾಗಿ ಕಾಣುತ್ತದೆ.

ತಂಡ ನೋಡಿಕೊಳ್ಳುವವರಿಗೆ ಒಂದು ವಿನಂತಿ. ರಾತ್ರಿ ಹೊಳೆದದ್ದನ್ನು ರಾತ್ರಿಯೇ ಕಳಿಸಬೇಡಿ. ಬರೆದು ಬೆಳಿಗ್ಗೆ ಹೋಗುವಂತೆ ಸಮಯ ಇಟ್ಟುಬಿಡಿ. ನೀವು "ನಾಳೆ ನೋಡಿದರೆ ಸಾಕು" ಅಂತ ಬರೆದಿದ್ದರೂ, ಓದಿದವರ ನಿದ್ದೆ ಹಾಳಾಗಿರುತ್ತದೆ.

ಇದು ಮುಗಿಯದೇ ಇದ್ದರೆ

ಇಷ್ಟು ಹೊತ್ತು ಹೇಳಿದ್ದೆಲ್ಲ ಕೊನೆ ಇರುವ ಧಾವಂತಕ್ಕೆ. ವರ್ಷದ ಹನ್ನೆರಡೂ ತಿಂಗಳು ಹೀಗೇ ಇದ್ದರೆ ಅದು ಬೇರೆ ವಿಷಯ. ಅದನ್ನು ಉಸಿರಾಟದಿಂದಲೂ ಪಟ್ಟಿಯಿಂದಲೂ ಸರಿಮಾಡಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ. ರಕ್ತನಾಳ ಕಟ್ಟಿ ಬರುವ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಜಾಸ್ತಿ. ಅಂಥ ಕಡೆ ಜನ ಸಾಕಾಗುತ್ತಿಲ್ಲ ಅಂತಲೇ ಅರ್ಥ. ಅದನ್ನು ಮೇಲಿನವರ ಮುಂದೆ ಗಂಟೆಗಳ ಲೆಕ್ಕ ಇಟ್ಟು ಕೇಳಬೇಕು. ಕೇಳಿಯೂ ಬದಲಾಗದಿದ್ದರೆ ಬೇರೆ ಕೆಲಸ ನೋಡುವುದರಲ್ಲಿ ಯಾವ ಸೋಲೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅಂದರೆ ಏನು ಅಂತ ವಿವರಿಸುವಾಗ ಮೂರು ಗುರುತು ಹೇಳಿತು. ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಕೆಲಸದ ಮೇಲೆ ಜಿಗುಪ್ಸೆ ಬಂದು ಮನಸ್ಸು ದೂರವಾಗುವುದು, ಏನು ಮಾಡಿದರೂ ಕೆಲಸ ಸರಿಯಾಗಿ ಆಗುತ್ತಿಲ್ಲ ಅನ್ನಿಸುವುದು. ಧಾವಂತ ಮುಗಿದು ರಜೆ ತೆಗೆದುಕೊಂಡ ಮೇಲೂ ಇವು ಹೋಗದಿದ್ದರೆ, ವಾರಗಟ್ಟಲೆ ನಿದ್ದೆ ಬರದಿದ್ದರೆ, ವೈದ್ಯರನ್ನು ಕಾಣಿ. ಎದೆನೋವು ಬಂದರೆ ಟೆನ್ಷನ್ ಇರಬೇಕು ಅಂತ ಸುಮ್ಮನೆ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಆ ಕ್ಷಣವೇ ಮನೆಯವರಿಗೋ ಸ್ನೇಹಿತರಿಗೋ ಹೇಳಿ, ಒಬ್ಬರೇ ಇರಬೇಡಿ. ಯಾವ ಲೆಕ್ಕ ಮುಗಿಸುವುದೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಮುಗಿದ ಮೇಲೆ

ಕೊನೆಯ ಫೈಲ್ ಕಳಿಸಿದ ಮರುದಿನವೇ ಬಾಕಿ ಉಳಿದ ಕೆಲಸದ ರಾಶಿಗೆ ಕೈ ಹಾಕುವವರು ಬಹಳ ಜನ. ಸಾಧ್ಯವಾದರೆ ಒಂದು ದಿನವಾದರೂ ರಜೆ ಹಾಕಿ. ಆ ರಜೆಯನ್ನು ಧಾವಂತ ಶುರುವಾಗುವ ಮೊದಲೇ ಮಂಜೂರು ಮಾಡಿಸಿಕೊಳ್ಳಿ, ಆಮೇಲೆ ಕೇಳಿದರೆ ಅಷ್ಟರಲ್ಲಿ ಇನ್ನೇನೋ ಬಂದಿರುತ್ತದೆ. ರಜೆ ಸಿಗದಿದ್ದರೆ ಒಂದೆರಡು ದಿನ ಸರಿಯಾದ ಹೊತ್ತಿಗೆ ಎದ್ದು ಮನೆಗೆ ಹೋಗಿ.

ವಾಪಸ್ ಬಂದ ವಾರದಲ್ಲೇ, ನೆನಪು ಹಸಿಯಿರುವಾಗ, ತಂಡದ ಜೊತೆ ಅರ್ಧ ಗಂಟೆ ಕೂತು ಒಂದು ಪುಟ ಬರೆಯಿರಿ. ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು. ಯಾವ ವಿಭಾಗದ ಕಾಗದ ತಡವಾಯಿತು. ಯಾವ ವರದಿಯನ್ನು ಯಾರೂ ಕೇಳಲೇ ಇಲ್ಲ. ಯಾರು ಯಾವ ದಿನ ತುಂಬಾ ದಣಿದಿದ್ದರು. ತಪ್ಪು ಯಾರದು ಅನ್ನುವ ಮಾತು ಆ ಪುಟಕ್ಕೆ ಬೇಡ. ಅದನ್ನು ಮುಂದಿನ ಧಾವಂತ ಶುರುವಾಗುವ ಒಂದು ವಾರ ಮೊದಲಿನ ತಾರೀಖಿಗೆ ಕ್ಯಾಲೆಂಡರಿನಲ್ಲಿ ಹಾಕಿಡಿ. ಆ ದಿನ ಅದು ತಾನಾಗಿ ಎದುರಿಗೆ ಬರುತ್ತದೆ, ಅರ್ಧ ದಿನದ ತಯಾರಿ ಅಲ್ಲಿಂದ ಶುರುವಾಗುತ್ತದೆ.